ಇನ್ನೊಂದು ಕೈ

ಗಾಯನ ತಂಡಕ್ಕೆ ನನ್ನ ದನಿ ಒಗ್ಗಲಿಲ್ಲ.
ಎಬೆನೇಜರ್ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ
'ಸಂತೋಷಮ್ಮ, ನೀನು ಬರೀ ಬಾಯಿ ಆಡಿಸು' ಅಂದರು.
ತಪ್ಪಿಲ್ಲ ಅವರದು.
ಹದಿನೇಳು ವರ್ಷದ ಹೊಟ್ಟಿನ ಹೊಗೆ
ಗಂಟಲಲ್ಲಿ ಗೂಡು ಕಟ್ಟಿದೆ.
ಭಟ್ಟಿಯ ಬಾಯಲ್ಲಿ ಮಂಡಕ್ಕಿ ಜರಡಿ ಹಿಡಿದವಳು
ಯಾವ ಶ್ರುತಿ ಹಿಡಿದಾಳು?

ಆಮೇಲೆ ಸಂಡೇ ಸ್ಕೂಲಿಗೆ ಹಾಕಿದರು.
'ಮೀನಿನ ಹೊಟ್ಟೇಲಿ ಯೋನ ಮೂರು ದಿನ
ಏನು ತಿಂದ ಆಂಟಿ?' ಎಂದಿತು ಒಂದು ಕೂಸು.
'ಮಂಡಕ್ಕಿ' ಅಂದೆ.
ಅವು ನಕ್ಕದ್ದು ಬೀದಿಗೆ ಕೇಳಿತು.
ಮುಂದಿನ ಭಾನುವಾರ ಆ ಕುರ್ಚಿಯಲ್ಲಿ ಬೇರೊಬ್ಬರಿದ್ದರು.

ರಾತ್ರಿ ಮಂಡಿಯೂರಿ ಕೇಳಿದೆ:
ಕರ್ತನೇ, ನಿನ್ನ ದ್ರಾಕ್ಷಿತೋಟದಲ್ಲಿ ನನಗೊಂದು ಸಾಲು ಕೊಡು,
ಹಣ್ಣು ಬಿಡಿಸಲು ಬೇಡ, ಕಳೆ ಕೀಳುತ್ತೇನೆ.
ರೈಲ್ವೆ ಗೇಟು ಬಿತ್ತು.
ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತ ಎಣಿಸುತ್ತ
ನಲವತ್ತೊಂದಕ್ಕೋ ಎರಡಕ್ಕೋ ನಿದ್ದೆ ಬಂತು.
ಬಂದ ಉತ್ತರ ಅಷ್ಟೇ.

ಜಿಲ್ಲಾಸ್ಪತ್ರೆಗೆ ಹೋದ ದಿನ
ಎಲ್ಲರ ಕೈಲೂ ಏನಾದರೊಂದು:
ಬ್ರೆಡ್ಡು, ಮೋಸಂಬಿ, ಹೊಸ ಒಡಂಬಡಿಕೆ.
ಅಯ್ಯನವರು ಮಂಚದಿಂದ ಮಂಚಕ್ಕೆ
ಪ್ರಾರ್ಥಿಸುತ್ತ ಮುಂದೆ ಮುಂದೆ.
ನಾನು ಹಿಂದುಳಿದೆ. ಕಿಟಕಿ ಪಕ್ಕದ ಮಂಚ,
ಚಾದರದ ಹೊರಗೆ ಎರಡು ಕೈ.

ಆ ಕೈ ನನಗೆ ಗೊತ್ತಿತ್ತು.
ಮುಖ ಗೊತ್ತಿರಲಿಲ್ಲ, ಕೈ ಗೊತ್ತಿತ್ತು:
ಕಾದ ಮರಳಿನಲ್ಲಿ ಅಕ್ಕಿ ಆಡಿಸಿ ಆಡಿಸಿ
ಮೊಣಕೈತನಕ ಹತ್ತಿದ ಕಪ್ಪು,
ಯಾವ ಸೋಪಿಗೂ ಜಗ್ಗದ್ದು.
ಉಗುರು ಬೆಳೆದು ಕೊಕ್ಕೆಯಂತೆ ಬಾಗಿ
ನಿದ್ದೆಗಣ್ಣಲ್ಲಿ ತನ್ನೆದೆಯನ್ನೇ ಕೆರೆದುಕೊಂಡ ಗೀರುಗಳು.

ಬೀರುವಿನ ಕೀಲಿಗೊಂಚಲಲ್ಲಿ
ಒಂದು ನೇಲ್ ಕಟರ್ ಇತ್ತು, ಎಂದಿನಿಂದಲೋ ಇತ್ತು.
'ತೆಗೀಲಾ?' ಅಂದೆ.
ಬುಡೇನ್ ಸಾಬರು ನನ್ನ ಕೊರಳ ಶಿಲುಬೆ ನೋಡಿ
'ನಾ ನಿಮ್ಮ ಪೈಕಿ ಅಲ್ಲವ್ವಾ' ಅಂದರು.
'ಉಗುರು ಉದ್ದ ಆಗ್ಯಾವಲ್ಲ' ಅಂದೆ.

ಹೆಬ್ಬೆರಳದು ಒಣ ಕೊಬ್ಬರಿಯಷ್ಟು ಗಟ್ಟಿ.
ಸಿಸ್ಟರಮ್ಮನ ಫ್ಲಾಸ್ಕಿನ ಬಿಸಿನೀರು ಬಟ್ಟಲಿಗೆ ಬೇಡಿ
ನೆನೆಹಾಕಿ, ಒರೆಸಿ, ಕಚಕ್.
ಚೂರೊಂದು ಹಾರಿ ಹೊಸ ಒಡಂಬಡಿಕೆಯ ಮೇಲೆ ಬಿತ್ತು.
ಯಾರೂ ನೋಡದಂತೆ ಊದಿದೆ.

ಅಂದಿನಿಂದ ಬುಧವಾರ ಭಟ್ಟಿ ಬಿಟ್ಟ ಮೇಲೆ
ಸೀರೆ ಝಾಡಿಸಿ ಹೊರಡುತ್ತೇನೆ.
ವಾರ್ಡಿನಲ್ಲಿ ನನ್ನ ಹೆಸರು ಉಗುರವ್ವ.
ಸಭೆಯ ವರ್ಷದ ವರದಿಯಲ್ಲಿ ಒಂದು ಕಲಮು: ಸೇವೆಯ ವಿಧ.
ಅಯ್ಯನವರು ಪೆನ್ನು ಕಚ್ಚಿ ಬಹಳ ಹೊತ್ತು ಯೋಚಿಸಿ
'ಇತರೆ' ಎಂದು ಬರೆದರು.

ಇದ್ದಾರೆ, ಸಭೆಯಲ್ಲೇ ಇದ್ದಾರೆ,
ಬಿಸಿ ಮರಳು ತಾಕಿದ್ದೇ ತಡ
ಒಂದೇ ಉಸಿರಿಗೆ ಅರಳಿ ಬೆಳ್ಳಗಾಗುವವರು.
ಎದ್ದು ಸಾಕ್ಷಿ ಹೇಳುತ್ತಾರೆ, ಕೇಳಿ ಕಣ್ಣು ತುಂಬುತ್ತದೆ.
ನನ್ನದು ಉಗುರಿನ ಬೆಳೆ.
ಬುಡದಿಂದ, ಸದ್ದಿಲ್ಲದೆ,
ನೋಡುತ್ತ ಕೂತರೆ ಬೆಳೆಯದು.
ಅಹಂಕಾರವೂ ಹಾಗೇ ಬೆಳೆಯುತ್ತದೆ,
'ಉಗುರವ್ವ' ಎಂದು ಕರೆದಾಗ ಒಳಗೊಳಗೆ ಹಿಗ್ಗುತ್ತೇನಲ್ಲ,
ಅದನ್ನೂ ವಾರಕ್ಕೊಮ್ಮೆ ಕತ್ತರಿಸಬೇಕು.

ಮೊನ್ನೆ ಬುಡೇನ್ ಸಾಬರ ಉಸಿರು ಸಣ್ಣಗಾಗಿತ್ತು.
'ನನಗೂ ಏನಾರ ದುವಾ ಮಾಡವ್ವಾ,
ನಿನಗೆ ಬರೋದೇ ಹೇಳು.'
ನನಗೆ ಬರುವುದೆಲ್ಲ ಬೇರೆಯವರ ಮಾತು.
ಅಯ್ಯನವರ ಹಾಗೆ ಶುರು ಮಾಡಲು ನೋಡಿದೆ,
ಗಂಟಲ ಹೊಗೆ ಅಡ್ಡ ಬಂತು, ಕೆಮ್ಮಿದೆ.
ಅವರೂ ಕೆಮ್ಮಿದರು.
ಒಂದೇ ಭಟ್ಟಿಯ ಕೆಮ್ಮು.

ಬಲಗೈಯ ಐದೂ ಮುಗಿದಿದ್ದವು.
ತೊಡೆಯ ಮೇಲಿನ ಟವೆಲು ಸರಿಮಾಡಿಕೊಂಡು
ಹೇಳಿದೆ:
ಇನ್ನೊಂದು ಕೈ ಕೊಡಿ.